ಪ್ರೋಟೀನು ಯಾವ ಕಡೆ ಮುಖ ಮಾಡಿತ್ತು?

ಕೃತಕ ಲಿಪಿಡ್ ಗುಳ್ಳೆಗಳಲ್ಲಿ, ಅಂದರೆ ಲೈಪೋಸೋಮ್‌ಗಳಲ್ಲಿ, ಪೊರೆಯ ಪ್ರೋಟೀನನ್ನು ಕೂರಿಸುವ ವಿದ್ಯೆಯ ಮಾತು ಬಂದಾಗಲೆಲ್ಲ 1974ರ ರಾಕರ್–ಸ್ಟೋಕೆನಿಯಸ್ ಪ್ರಯೋಗಕ್ಕೆ ಕೈಮುಗಿಯುವುದು ವಾಡಿಕೆ. ಉಪ್ಪುನೀರಿನ ಸೂಕ್ಷ್ಮಜೀವಿಯಿಂದ ಬೆಳಕಿನ ಬಲದಲ್ಲಿ ಪ್ರೋಟಾನು ತಳ್ಳುವ ಪಂಪಾದ ಬ್ಯಾಕ್ಟೀರಿಯೊರೊಡಾಪ್ಸಿನ್, ದನದ ಹೃದಯದಿಂದ ಎಟಿಪಿ ಕಟ್ಟುವ ಕಿಣ್ವ, ಸೋಯಾ ಲಿಪಿಡ್ ಮೂರನ್ನೂ ಕೂಡಿಸಿ ಬೆಳಕು ಹಾಯಿಸಿದರು, ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಹುಟ್ಟಿತು. ಪೊರೆಯ ಎರಡು ಬದಿಯ ಪ್ರೋಟಾನುಗಳ ಏರುಪೇರೇ ಎಟಿಪಿ ಕಟ್ಟಿಸುತ್ತದೆಂಬ ಪೀಟರ್ ಮಿಚೆಲ್ ಸಿದ್ಧಾಂತಕ್ಕೆ ಬಲ ಬಂತು, 1978ರಲ್ಲಿ ಅವರಿಗೆ ನೊಬೆಲ್ಲೂ ಬಂತು. ಪ್ರಯೋಗ ದೊಡ್ಡದು, ಅನುಮಾನವಿಲ್ಲ. ಆದರೆ ಹೊಗಳುವವರು ಒಂದು ವಿವರವನ್ನು ದಾಟಿಹೋಗುತ್ತಾರೆ. ಜೀವಕೋಶದಲ್ಲಿ ಬ್ಯಾಕ್ಟೀರಿಯೊರೊಡಾಪ್ಸಿನ್ ಪ್ರೋಟಾನನ್ನು ಹೊರಕ್ಕೆ ತಳ್ಳುತ್ತದೆ, ಈ ಗುಳ್ಳೆಗಳಲ್ಲಿ ಒಳಕ್ಕೆ ತಳ್ಳಿತು. ಎಂದರೆ ಅಣುಗಳಲ್ಲಿ ಹೆಚ್ಚಿನವು ತಿರುಗುಮುರುಗಾಗಿ ಕೂತಿದ್ದವು. ಎಟಿಪಿ ಕಿಣ್ವದ ತಲೆ ಹೊರಮುಖವಾಗಿದ್ದದ್ದರಿಂದ, ಒಳಗೆ ತುಂಬಿದ ಪ್ರೋಟಾನುಗಳು ಅದರ ಮೂಲಕ ಹೊರಬರುತ್ತ ಎಟಿಪಿ ಕಟ್ಟಿದವು. ಅಣುಗಳು ಅರ್ಧ ಅತ್ತ, ಅರ್ಧ ಇತ್ತ ಮುಖ ಮಾಡಿದ್ದರೆ ಒಂದು ಪಂಪು ತುಂಬಿದ್ದನ್ನು ಇನ್ನೊಂದು ಬರಿದು ಮಾಡುತ್ತಿತ್ತು; ಪ್ರೋಟೀನು ಎಷ್ಟೇ ಶುದ್ಧವಾಗಿದ್ದರೂ ಫಲ ಸೊನ್ನೆಯೇ. ಈ ವಿದ್ಯೆಯ ಜೀವಾಳ ಶುದ್ಧೀಕರಣದಲ್ಲಿಲ್ಲ, ದಿಕ್ಕನ್ನು ಮತ್ತು ಸೋರಿಕೆಯನ್ನು ಪರೀಕ್ಷಿಸುವುದರಲ್ಲಿದೆ. ಪೊರೆಯಿಂದ ಪ್ರೋಟೀನನ್ನು ಬಿಡಿಸಲು ಬಳಸಿದ ಡಿಟರ್ಜೆಂಟ್ ಚೂರು ಉಳಿದರೂ ಗುಳ್ಳೆ ಸೋರುತ್ತದೆ, ಆ ಸೋರಿಕೆ ಪ್ರೋಟೀನಿನ ಕೆಲಸವೆಂದೇ ಕಾಣುತ್ತದೆ. ಪ್ರೋಟೀನಿಲ್ಲದ ಬರಿ ಗುಳ್ಳೆಯನ್ನು ಅದೇ ಹಂತಗಳಲ್ಲಿ ಹಾಯಿಸಿ ಪಕ್ಕದಲ್ಲಿಡದ ಫಲಿತಾಂಶವನ್ನು ನಂಬಲಾಗದು.

ಡಿಟರ್ಜೆಂಟಿನ ಈ ತೊಡಕನ್ನೇ ಬದಿಗಿಟ್ಟು ಪೊರೆಯನ್ನು ಪ್ರಶ್ನಿಸಿದ ಕೆಲಸ 1980ರ ಆಸುಪಾಸಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ನಡೆಯಿತು. ಜಿ.ಎನ್. ರಾಮಚಂದ್ರನ್ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗದಲ್ಲಿ ಪಿ. ಬಲರಾಮ್, ಆರ್. ನಾಗರಾಜ್, ಎಂ.ಕೆ. ಮ್ಯಾಥ್ಯೂ ಅಲಮೆಥಿಸಿನ್ ಎಂಬ ಶಿಲೀಂಧ್ರದ ಪೆಪ್ಟೈಡನ್ನು ಕೈಗೆತ್ತಿಕೊಂಡರು. ನೀರಿಗೆ ಹಾಕಿದರೆ ಅದು ಡಿಟರ್ಜೆಂಟಿಲ್ಲದೆ ತಾನಾಗಿಯೇ ಪೊರೆಗೆ ಇಳಿಯುತ್ತದೆ, ಹಲವು ಅಣುಗಳು ಗುಂಪುಗೂಡಿ ರಂಧ್ರವಾಗುತ್ತವೆ. ಅವರು ಅದರ ತುಂಡುಗಳನ್ನು ಪ್ರಯೋಗಾಲಯದಲ್ಲೇ ಕಟ್ಟಿದರು, ಹೊಳೆಯುವ ಗುರುತು ಅಂಟಿಸಿದರು, ಪೊರೆ ಮುಟ್ಟುವ ಮೊದಲೇ ನೀರಿನಲ್ಲಿ ಅವು ಗುಂಪುಗೂಡುತ್ತವೆಯೇ ಎಂದೂ ಕೇಳಿದರು. ನನ್ನ ಕಣ್ಣಿಗೆ ಈ ಕೊನೆಯ ಪ್ರಶ್ನೆಯೇ ದೊಡ್ಡದು: ಗುಂಪು ಪೊರೆಯೊಳಗೆ ಕೂಡುತ್ತದೋ, ನೀರಿನಲ್ಲೇ ಕೂಡಿ ಬರುತ್ತದೋ ಎಂಬುದನ್ನು ಕೇಳದೆ ರಂಧ್ರವನ್ನು ಅರ್ಥಮಾಡಿಕೊಳ್ಳಲಾಗದು.

ಇಪ್ಪತ್ತು ಘಟಕಗಳ ಪೆಪ್ಟೈಡು ಪ್ರೋಟೀನೇ ಅಲ್ಲ, ಇದನ್ನು ಪಂಪಿನ ಪಕ್ಕ ಇಡುವುದೇಕೆ ಎಂಬ ಆಕ್ಷೇಪ ಬರುತ್ತದೆ. ಚಿಕ್ಕದೆಂಬುದು ನಿಜ, ಅದರಿಂದ ಎಟಿಪಿ ಹುಟ್ಟದು. ಆದರೆ ಚಿಕ್ಕದಾದ್ದರಿಂದಲೇ ಅದನ್ನು ತುಂಡುತುಂಡಾಗಿ ಕಟ್ಟಿ, ಯಾವ ಭಾಗ ಏನು ಮಾಡುತ್ತದೆಂದು ಒಂದೊಂದಾಗಿ ಕೇಳಲು ಸಾಧ್ಯವಾಯಿತು. ರಾಕರ್ ಗುಳ್ಳೆಯಲ್ಲಿ ಆ ಅವಕಾಶ ಇರಲಿಲ್ಲ. ಗಾತ್ರ ನೋಡಿ ಮಹತ್ವ ಅಳೆಯುವ ವಿಮರ್ಶಕರನ್ನು ನಾನು ಒಪ್ಪಲಾರೆ. ಪೊರೆಯ ಪಾಠ ಹೇಳುವ ಮೇಷ್ಟ್ರುಗಳು 1974ರ ಪ್ರಬಂಧದ ಜತೆಗೆ ನಾಗರಾಜ್–ಬಲರಾಮ್ ಅವರ 1981ರ ಅಲಮೆಥಿಸಿನ್ ಲೇಖನವನ್ನೂ ವಿದ್ಯಾರ್ಥಿಗಳಿಂದ ಓದಿಸಲಿ.