ಗಾಲಿಯಡಿಯ ಬಾಲಕ: ಹೆಸ್ಸೆಯವರ ಸೆಮಿನರಿ ಕಾದಂಬರಿಯ ಒಂದು ವಿಮರ್ಶೆ

ಕನ್ನಡದ ಓದುಗರು ಹರ್ಮನ್ ಹೆಸ್ಸೆಯವರನ್ನು ಬಹುಮಟ್ಟಿಗೆ 1922ರ ‘ಸಿದ್ಧಾರ್ಥ’ದ ಕರ್ತೃವೆಂದೇ ಬಲ್ಲರು. ಕರಾವಳಿಯ ಕ್ರೈಸ್ತರಿಗೆ ಅವರೊಡನೆ ಇನ್ನೊಂದು ನಂಟು ಉಂಟು. 1838ರಲ್ಲಿ ಮಂಗಳೂರಿಗೆ ಬಂದು ಬಾಸೆಲ್ ಮಿಶನ್ನನ್ನು ಸೇರಿ, ಮರುವರ್ಷ ತಲಶ್ಶೇರಿಗೆ ತೆರಳಿ, ಮುಂದೆ ಮಲೆಯಾಳ ಭಾಷೆಗೆ ಮಹಾನಿಘಂಟನ್ನು ಕೊಟ್ಟ ಹರ್ಮನ್ ಗುಂಡರ್ಟರ ಮಗಳ ಮಗ ಇವರು. ಇವರು ಎಳೆಯ ಪ್ರಾಯದಲ್ಲಿ ಬರೆದು 1906ರಲ್ಲಿ ಪುಸ್ತಕವಾಗಿ ಹೊರಬಂದ ‘ಗಾಲಿಯಡಿಯಲ್ಲಿ’ ಎಂಬ ಕಾದಂಬರಿಯನ್ನು ಸೆಮಿನರಿಯ ಪತ್ರಿಕೆಯೊಂದು ಚರ್ಚೆಗೆ ಎತ್ತಿಕೊಳ್ಳುವುದಕ್ಕೆ ಕಾರಣ ಸರಳವಾದದ್ದು. ಸಭಾಪಾಲಕನಾಗಲೆಂದು ಸೆಮಿನರಿಗೆ ಕಳುಹಿಸಲ್ಪಟ್ಟು, ಅಲ್ಲಿ ಮನಸ್ಸು ಮುರಿದು ಹಿಂದಿರುಗಿದ ಹುಡುಗನೊಬ್ಬನ ಕಥೆ ಅದು. ಅಂಥ ಹುಡುಗರೂ ಹುಡುಗಿಯರೂ ನಮ್ಮ ನಡುವೆಯೂ ಇದ್ದಾರೆ.

ಕಥೆಯ ಹಂದರ ಚಿಕ್ಕದು. ಜರ್ಮನಿಯ ಕಪ್ಪುಕಾಡಿನ ಸೀಮೆಯ ಸಣ್ಣ ಪಟ್ಟಣವೊಂದರಲ್ಲಿ ತಾಯಿಯಿಲ್ಲದೆ ಬೆಳೆದ ಹಾನ್ಸ್ ಗೀಬೆನ್‌ರಾತ್ ಜಾಣ ಹುಡುಗ. ವುರ್ಟೆಂಬೆರ್ಗ್ ರಾಜ್ಯದ ಪರೀಕ್ಷೆಯಲ್ಲಿ ಅವನು ಎರಡನೆಯವನಾಗಿ ತೇರ್ಗಡೆಯಾಗಿ ಮೌಲ್‌ಬ್ರೊನ್ ಸೆಮಿನರಿಗೆ ಸೇರುತ್ತಾನೆ. ಪರೀಕ್ಷೆಗೆ ಮೊದಲೇ ಅವನ ಮೊಲಗಳನ್ನೂ ಗಾಳದ ಕೋಲನ್ನೂ ಕಸಿದುಕೊಳ್ಳಲಾಗಿದೆ. ತಲೆನೋವು ಆಗಲೇ ಹತ್ತಿದೆ. ತೇರ್ಗಡೆಯಾದ ಮೇಲೆ ಸಿಕ್ಕ ಬೇಸಿಗೆಯ ರಜೆಯನ್ನೂ ಊರಿನ ಪಾದ್ರಿಯವರು ಲೂಕನ ಸುವಾರ್ತೆಯ ಗ್ರೀಕ್ ಪಾಠಕ್ಕಾಗಿ ಕೇಳಿಕೊಳ್ಳುತ್ತಾರೆ. ಈ ಭಾಗದಲ್ಲಿ ಹೆಸ್ಸೆಯವರ ವ್ಯಂಗ್ಯ ಬಹಳ ಹರಿತವಾಗಿದೆ. ಬಳಲಿದವರನ್ನು ಕರೆಯುವ ಸ್ವಾಮಿಯ ಕಥೆಯೇ ಬಳಲಿದ ಹುಡುಗನ ಕೊನೆಯ ಬಿಡುವನ್ನು ತಿಂದುಹಾಕುತ್ತದೆ. ಕೆಡುಕನ್ನು ಬಯಸಿದವರು ಯಾರೂ ಇಲ್ಲ, ಎಲ್ಲರೂ ಅವನ ಹಿತವನ್ನೇ ಹೇಳುತ್ತಾರೆ. ಸೆಮಿನರಿಯಲ್ಲಿ ಅವನ ಏಕೈಕ ಗೆಳೆಯ ಹೈಲ್ನರ್ ಓಡಿಹೋಗಿ ಹೊರಹಾಕಲ್ಪಡುತ್ತಾನೆ. ಹಾನ್ಸ್ ಕುಸಿಯುತ್ತಾನೆ, ವೈದ್ಯರು ನರದೌರ್ಬಲ್ಯವೆನ್ನುತ್ತಾರೆ, ಮನೆಗೆ ಕಳುಹಿಸಲಾಗುತ್ತದೆ. ಊರಿನಲ್ಲಿ ಹಿಂದೆ ಅವನನ್ನು ಮೆಚ್ಚಿದ ಹಿರಿಯರು ಈಗ ನಯವಾಗಿ ಮಾತಾಡಿಸಿ ಮುಂದೆ ಸಾಗುತ್ತಾರೆ. ಕಮ್ಮಟದಲ್ಲಿ ಕೆಲಸ ಕಲಿಯತೊಡಗಿದ ಅವನು ಒಂದು ಭಾನುವಾರದ ರಾತ್ರಿ ಮನೆಗೆ ಮರಳುವುದಿಲ್ಲ. ಸಾವು ಆಕಸ್ಮಿಕವೋ ಅಲ್ಲವೋ ಎಂಬುದನ್ನು ಕಾದಂಬರಿ ತೆರೆದೇ ಇಡುತ್ತದೆ. ಆ ಸಂಯಮವನ್ನು ನಾವು ಮೆಚ್ಚುತ್ತೇವೆ.

ಮುಪ್ಪತ್ತು ತುಂಬದ ಲೇಖಕನ ಕೋಪ ಈ ಪುಸ್ತಕದ ಶಕ್ತಿಯೂ ಹೌದು, ಕೊರತೆಯೂ ಹೌದು. ಶಾಲೆಯ ವಿಷಯ ಬಂದಾಗಲೆಲ್ಲ ನಿರೂಪಕನು ಕಥೆಯನ್ನು ಪಕ್ಕಕ್ಕಿಟ್ಟು ವಾದಕ್ಕೆ ನಿಲ್ಲುತ್ತಾನೆ. ಹಾನ್ಸನ ತಂದೆಯಂತೂ ವ್ಯಕ್ತಿಯಾಗಿ ಮೂಡುವುದಿಲ್ಲ; ಮೊದಲ ಪುಟದಲ್ಲೇ ಅವನನ್ನು ಸಣ್ಣ ಮನಸ್ಸಿನ ವ್ಯಾಪಾರಿಯೆಂದು ತೀರ್ಮಾನಿಸಿ, ಮುಂದೆ ಅವನಿಗೆ ಒಳಗನ್ನು ಕೊಡುವುದೇ ಇಲ್ಲ. ತಾಯಿ ಸತ್ತಿದ್ದಾಳೆ, ಅಜ್ಜ ಅಜ್ಜಿಯರ ಸುಳಿವಿಲ್ಲ. ಹೀಗೆ ಮನೆಯನ್ನು ಬರಿದು ಮಾಡಿದ ಮೇಲೆ ತಪ್ಪೆಲ್ಲ ಶಾಲೆಯದೆಂದು ತೋರಿಸುವುದು ಸುಲಭ. ಆದರೆ ಮನಸ್ಸಿನ ಬೇನೆ ಕುಟುಂಬದೊಳಗೆ ತಲೆಮಾರಿನಿಂದ ತಲೆಮಾರಿಗೆ ಹೇಗೆ ಹಾಯುತ್ತದೆ, ಅದನ್ನು ಯಾರು ಹೇಗೆ ಹೊರುತ್ತಾರೆ ಎಂಬ ಪ್ರಶ್ನೆಯೂ ಆ ಬರಿದಾದ ಮನೆಯ ಜೊತೆಗೇ ಹೊರಟುಹೋಗುತ್ತದೆ.

ಆ ಪ್ರಶ್ನೆಗೆ ಕಾದಂಬರಿಗಿಂತ ಹೆಚ್ಚು ಬೆಳಕು ದೊರೆಯುವುದು ಹೆಸ್ಸೆ ಕುಟುಂಬದ ಪತ್ರಗಳಲ್ಲಿ. ಅವರ ಪತ್ನಿ ನಿನೋನ್ ಸಂಪಾದಿಸಿದ ಈ ಸಂಗ್ರಹದ ಮೊದಲ ಸಂಪುಟ 1966ರಲ್ಲಿ ಪ್ರಕಟವಾಯಿತು. ಬಾಲಕ ಹರ್ಮನ್ ಮೌಲ್‌ಬ್ರೊನ್ ಸೇರಿದ್ದು 1891ರಲ್ಲಿ. 1892ರ ಮಾರ್ಚಿನಲ್ಲಿ ಅವನು ಅಲ್ಲಿಂದ ಓಡಿಹೋಗಿ, ಕೊರೆಯುವ ಚಳಿಯಲ್ಲಿ ಒಂದು ರಾತ್ರಿ ಬಯಲಲ್ಲಿ ಕಳೆದು, ಮರುದಿನ ಸಿಕ್ಕಿದನು. ಮೇ ತಿಂಗಳಿನಲ್ಲಿ ಸೆಮಿನರಿಯಿಂದ ಬಿಡಿಸಿ ಬಾಡ್ ಬೋಲ್‌ನಲ್ಲಿದ್ದ ಕ್ರಿಸ್ಟೊಫ್ ಬ್ಲೂಮ್‌ಹಾರ್ಟರ ಆಶ್ರಯಕ್ಕೆ ಕಳುಹಿಸಿದರು. ಪ್ರಾರ್ಥನೆಯಿಂದ ರೋಗಿಗಳು ಗುಣಹೊಂದುವ ಸ್ಥಳವೆಂದು ಅದು ಹೆಸರಾಗಿತ್ತು. ಜೂನ್‌ನಲ್ಲಿ ಹುಡುಗನು ಪ್ರಾಣ ಕಳೆದುಕೊಳ್ಳಲು ಯತ್ನಿಸಿದನು. ಕೂಡಲೇ ಅವನನ್ನು ಸ್ಟೆಟನ್ ಎಂಬಲ್ಲಿಯ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ಶರತ್ಕಾಲಕ್ಕೆ ಬಾಸೆಲ್‌ನ ಪಾದ್ರಿಯೊಬ್ಬರ ಮನೆ, ನವೆಂಬರಿಗೆ ಕಾನ್‌ಸ್ಟಾಟ್‌ನ ಶಾಲೆ. ಒಂದೇ ವರ್ಷದಲ್ಲಿ ಐದು ಜಾಗ. ಸ್ಟೆಟನ್‌ನಿಂದ ಅವನು ತಂದೆಗೆ ಬರೆದ ಕಾಗದವೊಂದು ಪರಿಚಯವಿಲ್ಲದ ಅಧಿಕಾರಿಗೆ ಬರೆದಂಥ ಒಕ್ಕಣೆಯಿಂದ ಆರಂಭವಾಗುತ್ತದೆ.

ಈ ಕಾಗದಗಳನ್ನು ಓದುವಾಗ ತಂದೆ ಯೋಹಾನೆಸ್ ಹೆಸ್ಸೆಯವರನ್ನು ಕಾದಂಬರಿಯ ಗೀಬೆನ್‌ರಾತ್‌ನೊಡನೆ ಸಮೀಕರಿಸಲು ಸಾಧ್ಯವಾಗುವುದಿಲ್ಲ. ಅವರು ಭಾರತದ ಪಶ್ಚಿಮ ಕರಾವಳಿಯಲ್ಲಿ ಮಿಶನರಿಯಾಗಿದ್ದು, ದೇಹ ಕೆಟ್ಟು 1873ರಲ್ಲಿ ಹಿಂದಿರುಗಿದವರು; ತಲೆನೋವಿನಿಂದಲೂ ಖಿನ್ನತೆಯಿಂದಲೂ ತಾವೇ ನರಳಿದವರು. ತಾಯಿ ಮಾರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಸೇವೆಗೆ ಮರಳಿದರು. ಅವಳು ಭಾರತಕ್ಕೆ ಹಿಂದಿರುಗಿದ್ದು 1857ರಲ್ಲಿ, ಹದಿನೈದರ ಪ್ರಾಯದಲ್ಲಿ. ಮಿಶನರಿಗಳ ಮಕ್ಕಳಿಗೆ ಆಗ ಇದೇ ವಾಡಿಕೆ. ಕರ್ತನ ಕೆಲಸಕ್ಕಾಗಿ ಮಗುವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಆ ಮನೆತನದಲ್ಲಿ ನಂಬಿಕೆಯ ಕ್ರಿಯೆಯೇ ಆಗಿತ್ತು. ಮಗುವಾಗಿ ಒಪ್ಪಿಸಲ್ಪಟ್ಟ ಮಾರೀ ತಾಯಿಯಾದಾಗ, ಕಷ್ಟಕ್ಕೆ ಸಿಲುಕಿದ ಮಗನನ್ನೂ ಒಂದು ಕೈಯಿಂದ ಇನ್ನೊಂದು ಕೈಗೆ ಒಪ್ಪಿಸಿದಳು. ಅವಳ ಕಣ್ಣೀರನ್ನೂ ಪ್ರಾರ್ಥನೆಯನ್ನೂ ನಾವು ಕಿಂಚಿತ್ತೂ ಸಂದೇಹಿಸುವುದಿಲ್ಲ. ಆದರೂ ಪ್ರೀತಿಗೆ ಗೊತ್ತಿದ್ದ ದಾರಿ ಅದೊಂದೇ ಆಗಿತ್ತು. ಕಾದಂಬರಿಕಾರನು ಒತ್ತಡವೆಂಬ ಗಾಲಿಯನ್ನು ಚೆನ್ನಾಗಿ ಕಂಡಿದ್ದಾನೆ. ಕಳುಹಿಸಿಬಿಡುವುದೆಂಬ ಈ ಹಳೆಯ ಅಭ್ಯಾಸವನ್ನು ಮಾತ್ರ ಅವನು ಕಂಡಿಲ್ಲ. ಅದು ಅವನಿಗೆ ತೀರ ಹತ್ತಿರದಲ್ಲಿತ್ತೋ ಏನೋ.

ಆ ಅಭ್ಯಾಸ ಒಂದು ಗಳಿಗೆ ಮುರಿದುಬಿದ್ದದ್ದು ಅಜ್ಜನ ಕೋಣೆಯಲ್ಲಿ. ಮೌಲ್‌ಬ್ರೊನ್‌ನಿಂದ ಓಡಿಹೋದದ್ದಕ್ಕೆ ಗುಂಡರ್ಟರು ಏನೆನ್ನುವರೋ ಎಂದು ಹುಡುಗ ನಡುಗುತ್ತ ಅವರ ಮುಂದೆ ಹೋಗಿ ನಿಂತನು. ಮುದುಕರು ಬೈಯಲಿಲ್ಲ, ಪಾಪದ ಅರಿಕೆಯನ್ನು ಕೇಳಲಿಲ್ಲ, ಕಾರಣವನ್ನೂ ಕೇಳಲಿಲ್ಲ. ನೀನೊಂದು ಪ್ರತಿಭಾವಂತರ ಪ್ರವಾಸ ಮಾಡಿ ಬಂದೆಯಂತಲ್ಲ ಎಂಬರ್ಥದ ಮಾತನ್ನು ಮುಗುಳ್ನಗುತ್ತ ಹೇಳಿದರು. ಹೆಸ್ಸೆಯವರು ಇಳಿವಯಸ್ಸಿನಲ್ಲಿ ಅಜ್ಜನನ್ನು ಕುರಿತು ಬರೆದಾಗ ಈ ಮಾತನ್ನು ನೆನೆಯುತ್ತಾರೆ. ಗುಂಡರ್ಟರು ಬಳಸಿದ ಪದ ಅವರ ಕಾಲದ ವಿದ್ಯಾರ್ಥಿಗಳ ಆಡುಮಾತಿನದು. ಗುಂಡರ್ಟರೂ ಹುಡುಗರಾಗಿದ್ದಾಗ ಅದೇ ಮೌಲ್‌ಬ್ರೊನ್ ಸೆಮಿನರಿಯ ಬೆಂಚುಗಳಲ್ಲಿ ಕುಳಿತವರೆಂಬುದನ್ನು ಇಲ್ಲಿ ನೆನಪಿಡಬೇಕು. ಎಲ್ಲರೂ ರೋಗವೆಂದೋ ದ್ರೋಹವೆಂದೋ ಕರೆದ ಕ್ರಿಯೆಗೆ ಅವರು ತಮ್ಮ ಯೌವನದ ನಿಘಂಟಿನಿಂದ ಹೆಸರನ್ನು ತೆಗೆದುಕೊಟ್ಟರು. ನಿಘಂಟುಕಾರರಲ್ಲವೇ! ಆ ಒಂದು ಪದದಿಂದ ಮೊಮ್ಮಗನು ಅಪರಾಧಿಯ ಸ್ಥಾನದಿಂದ ಎದ್ದು, ತನ್ನಂತೆಯೇ ಅಲೆದಾಡಿದ ಹಳೆಯ ವಿದ್ಯಾರ್ಥಿಗಳ ಸಾಲಿಗೆ ಬಂದು ನಿಂತನು.

ಇದನ್ನು ಪವಾಡವೆಂದು ಹಿಗ್ಗಿಸಬಾರದು. ಅಜ್ಜನ ನಗೆಯಿಂದ ಬೇನೆ ವಾಸಿಯಾಗಲಿಲ್ಲ. ಆ ವರ್ಷದ ಬೇಸಿಗೆಯೇ ಅದಕ್ಕೆ ಸಾಕ್ಷಿ. ಮಗಳನ್ನು ಯುರೋಪಿನಲ್ಲಿ ಬಿಟ್ಟುಬಂದವರೂ ಇದೇ ಗುಂಡರ್ಟರು. ಮಗಳಿಗೆ ಕೊಡಲಾಗದ್ದನ್ನು ಅವರು ಮೊಮ್ಮಗನಿಗೆ ಹೇಗೆ ಕೊಟ್ಟರು? ತಂದೆತಾಯಿಗೆ ಮಗನ ಭವಿಷ್ಯದಲ್ಲಿ ಪಾಲಿದೆ: ಅವನು ಸಭಾಪಾಲಕನಾಗದಿದ್ದರೆ ಅವರ ಹರಕೆಯೂ ಮಾನವೂ ಮುಕ್ಕಾಗುತ್ತವೆ. ಎಪ್ಪತ್ತೆಂಟು ದಾಟಿ, ಮರುವರ್ಷವೇ ತೀರಿಕೊಳ್ಳಲಿದ್ದ ಅಜ್ಜನಿಗೆ ಆ ಲೆಕ್ಕಾಚಾರ ಉಳಿದಿರಲಿಲ್ಲ. ಹುಡುಗನಿಂದ ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲವಾದ್ದರಿಂದ ಅವನನ್ನು ಅವನಾಗಿಯೇ ನೋಡಲು ಅವರಿಗೆ ಸಾಧ್ಯವಾಯಿತೆಂದು ನಾವು ಊಹಿಸುತ್ತೇವೆ.

ಕಾದಂಬರಿಯಲ್ಲಿ ಈ ಸ್ಥಾನಕ್ಕೆ ಸಮೀಪವಾಗಿ ಬರುವವನು ಮೆಟ್ಟು ಹೊಲಿಯುವ ಫ್ಲೈಗ್. ಮನೆಕೂಟಗಳಲ್ಲಿ ಪ್ರಾರ್ಥಿಸುವ ಭಕ್ತಿಪಂಥದವನು ಆತ. ಹುಡುಗನ ಮುಖ ಬಿಳಿಚಿದ್ದನ್ನು ಮೊದಲು ಕಾಣುವವನೂ ಅವನೇ. ಆದರೆ ಅವನು ಪಾದ್ರಿಯ ಹೊಸ ವಿಮರ್ಶಾತ್ಮಕ ದೇವಜ್ಞಾನದ ಬಗ್ಗೆ ಎಚ್ಚರಿಸಲು ಹೊರಡುತ್ತಾನೆ. ಹಾನ್ಸನಿಗೆ ಒಳ್ಳೆಯ ಗೆಳೆಯನೊಬ್ಬನ ಮುಂದೆಯೂ ತಪ್ಪಿತಸ್ಥನಾದ ಭಾವನೆ ಹುಟ್ಟಿ, ಬರಬರುತ್ತ ಅವನು ಆ ಅಂಗಡಿಯ ಬಾಗಿಲನ್ನೇ ತಪ್ಪಿಸುತ್ತಾನೆ. ಸರಿಯಾದ ಬೋಧನೆಯೂ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲನ್ನು ಮುಚ್ಚಬಲ್ಲದು. ಅರಸುಗಳ ಮೊದಲನೆಯ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಸಾವನ್ನು ಬೇಡಿಕೊಂಡು ಮಲಗಿದ ಎಲೀಯನ ಬಳಿಗೆ ಬಂದ ದೂತನು ಅವನನ್ನು ಮುಟ್ಟುತ್ತಾನೆ, ರೊಟ್ಟಿಯನ್ನೂ ನೀರನ್ನೂ ಇಡುತ್ತಾನೆ. ಅವನು ಮತ್ತೆ ಮಲಗುವುದನ್ನು ತಡೆಯದೆ, ಎರಡನೆಯ ಸಲ ಬಂದು ತಿನ್ನಿಸುತ್ತಾನೆ. ಇಲ್ಲೇನು ಮಾಡುತ್ತೀ ಎಂಬ ಪ್ರಶ್ನೆ ಬರುವುದು ನಲವತ್ತು ದಿನಗಳ ಆಚೆ, ಹೋರೇಬಿನಲ್ಲಿ. ಫ್ಲೈಗನಿಗೆ ಈ ವಾಕ್ಯಭಾಗ ಬಾಯಿಪಾಠವಾಗಿದ್ದಿರಬೇಕು.

ನಮ್ಮ ಸಭೆಗಳ ಕಡೆಗೆ ತಿರುಗಿ ನೋಡಿದರೆ, ಹನ್ನಳು ಸಮುವೇಲನನ್ನು ಒಪ್ಪಿಸಿದಂತೆ ಮಗುವನ್ನು ಸೇವೆಗೆ ಹರಕೆ ಹೊರುವ ತಾಯಂದಿರು ಇಂದಿಗೂ ಇದ್ದಾರೆ. ಆ ಹರಕೆಯ ಸೌಂದರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಡುವೆ ನಿದ್ರೆಗೆಟ್ಟು, ಪಾಠ ನಿಂತು, ಪ್ರಾರ್ಥಿಸಲೂ ಆಗದೆ ಹೋದ ವಿದ್ಯಾರ್ಥಿಗೆ ಮನೆಗೆ ಹಿಂದಿರುಗುವ ದಾರಿಯನ್ನು ಆ ಹರಕೆಯೇ ಮುಚ್ಚಿಬಿಡುತ್ತದೆ. ಕರೆಯನ್ನು ತೊರೆದವನೆಂಬ ಹೆಸರು ಅವನಿಗಿಂತ ಮೊದಲೇ ಊರನ್ನು ತಲುಪಿರುತ್ತದೆ. ನಾವೂ ಕಳುಹಿಸುವುದರಲ್ಲಿ ನಿಪುಣರು: ಉಪವಾಸ ಕೂಟಕ್ಕೆ, ಬಿಡುಗಡೆಯ ಶುಶ್ರೂಷೆ ನಡೆಸುವವರಲ್ಲಿಗೆ, ದೂರದ ನೆಂಟರ ಮನೆಗೆ, ತೀರ ಕೊನೆಗೆ ವೈದ್ಯರಲ್ಲಿಗೆ. ವೈದ್ಯರ ನೆರವು ಕೊನೆಯದಾಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇಡೀ ದೇಶಕ್ಕೆ ತಜ್ಞರನ್ನು ತಯಾರಿಸುವ ಸಂಸ್ಥೆ; 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಹೇಳಿದೆ; 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ 2022ರಿಂದ ನಡೆಯುತ್ತಿದೆ. ಆದರೆ ಆಸ್ಪತ್ರೆಗೆ ಕಳುಹಿಸುವುದು ಬೇರೆ, ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕಾದು ಕುಳಿತುಕೊಳ್ಳುವುದು ಬೇರೆ. ಪ್ರಾಣ ಬಿಡುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ಬಿತ್ತಿದಂತಾಗುತ್ತದೆಂಬ ಭಯವೂ ನಮ್ಮಲ್ಲಿದೆ. ಅದು ನಿಜವಲ್ಲ, ಕೇಳಿದ್ದರಿಂದ ಹಗುರವಾದವರೇ ಹೆಚ್ಚು. ಪಾಲನಾಶಾಸ್ತ್ರದ ತರಗತಿಯಲ್ಲಿ ಇದನ್ನು ಹೇಳಿಕೊಡುವುದಕ್ಕೆ ಹಿಂಜರಿಯಬೇಕಾದ ಕಾರಣ ಯಾವುದೂ ನಮಗೆ ತೋರುವುದಿಲ್ಲ. ನಿವೃತ್ತ ಸಭಾಪಾಲಕರನ್ನು ಅವರ ಪೆನ್ಶನಿನೊಡನೆ ಮರೆತುಬಿಡುವ ಬದಲು, ಸಂಜೆಯ ಹೊತ್ತು ವಿದ್ಯಾರ್ಥಿನಿಲಯದ ಜಗಲಿಗೆ ಬಂದು ಕೂರುವಂತೆ ಕೇಳಿಕೊಂಡರೆ ಹೇಗೆ? ಅಂಕಗಳನ್ನು ಕೊಡುವ, ಕಾಗದಕ್ಕೆ ಸಹಿ ಹಾಕುವ ಅಧಿಕಾರ ಅವರಿಗಿಲ್ಲ ಎಂಬುದೇ ಅವರ ಅರ್ಹತೆ.

ಹೆಸ್ಸೆ ಮನೆತನದ ಕಥೆ 1892ಕ್ಕೆ ಮುಗಿಯುವುದಿಲ್ಲ. 1916ರಲ್ಲಿ ತಂದೆ ತೀರಿಕೊಂಡು, ಮಗನೂ ಹೆಂಡತಿಯೂ ಕಾಯಿಲೆ ಬಿದ್ದಾಗ, ಹೆಸ್ಸೆಯವರು ಲುಸೆರ್ನ್ ಬಳಿ ಯೋಸೆಫ್ ಲಾಂಗ್ ಎಂಬ ಮನೋವೈದ್ಯರ ಚಿಕಿತ್ಸೆಗೆ ತಾವಾಗಿ ಹೋದರು. ಕಾದಂಬರಿಯ ನಾಯಕನಿಗೆ ಅವರು ಕೊಟ್ಟ ಹೆಸರು ತಮ್ಮ ತಮ್ಮನದು. ಶಾಲೆಯಲ್ಲಿ ಬಹಳ ನೊಂದಿದ್ದ, ಮುಂದೆ ಗುಮಾಸ್ತನಾಗಿ ಸದ್ದಿಲ್ಲದೆ ಬದುಕಿದ ಆ ಹಾನ್ಸ್ 1935ರಲ್ಲಿ ತಾನಾಗಿ ಪ್ರಾಣ ಬಿಟ್ಟನು. ಇದನ್ನು ತಿಳಿದ ಮೇಲೆ ಕಾದಂಬರಿಯ ಕೊನೆಯ ಪುಟವನ್ನು ಮೊದಲಿನಂತೆ ಓದಲಾಗುವುದಿಲ್ಲ. ಸಮಾಧಿಯಿಂದ ಮರಳುವಾಗ ಫ್ಲೈಗ್ ಮುಂದೆ ಸಾಗುತ್ತಿರುವ ಗುರುಗಳನ್ನು ತೋರಿಸಿ, ಹುಡುಗನನ್ನು ಈ ಗತಿಗೆ ತಂದವರಲ್ಲಿ ಅವರೂ ಸೇರಿದ್ದಾರೆನ್ನುತ್ತಾನೆ. ಬೆಚ್ಚಿಬಿದ್ದ ತಂದೆ ವಿವರಣೆ ಕೇಳಿದಾಗ ಮಾತನ್ನು ಬೆಳೆಸದೆ, ನೀವೂ ನಾನೂ ಸಹ ಆ ಹುಡುಗನಿಗೆ ಮಾಡಬೇಕಾದ ಏನೇನನ್ನೋ ಮಾಡದೆ ಬಿಟ್ಟಿರಬಹುದಲ್ಲವೇ ಎಂದಷ್ಟೇ ಕೇಳುತ್ತಾನೆ. ನಿರೂಪಕನ ಕೋಪವೆಲ್ಲ ಇಲ್ಲಿ ಒಮ್ಮೆಗೇ ಇಳಿದಿದೆ. ತಂದೆ ಉತ್ತರವನ್ನು ಕೊಡುವುದಿಲ್ಲ. ತನ್ನ ದಿನನಿತ್ಯದ ಬದುಕಿನ ಕಡೆಗೆ ಇಳಿಜಾರಿನ ದಾರಿಯಲ್ಲಿ ತಡವರಿಸುತ್ತ ನಡೆದುಹೋಗುತ್ತಾನೆ.