ಊರಿನ ಪೊಲೀಸ್ ಪಾಟೀಲ: ನೇಮಕ ಗಟ್ಟಿ, ಅಧಿಕಾರ ಪೊಳ್ಳು

ಮಹಾರಾಷ್ಟ್ರದ ಸಣ್ಣ ಹಳ್ಳಿಗಳಲ್ಲಿ ಪೊಲೀಸ್ ಠಾಣೆ ಇರುವುದಿಲ್ಲ, ಪೊಲೀಸ್ ಪಾಟೀಲ ಇರುತ್ತಾನೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಮಾತಾಡುವ ಊರುಗಳಿಗೂ ಈ ಹುದ್ದೆ ಹೊಸದಲ್ಲ. ಮುಂಬಯಿ ಪ್ರಾಂತ್ಯದ 1867ರ ಗ್ರಾಮ ಪೊಲೀಸ್ ಕಾಯ್ದೆಯ ಕಾಲದಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇದೇ ಪದ್ಧತಿಗೆ ಒಳಪಟ್ಟಿದ್ದವು. ಆಗ ಪಾಟೀಲಕಿ ಸಾಮಾನ್ಯವಾಗಿ ವತನದಾರರ ಮನೆತನದಲ್ಲೇ ಉಳಿಯುತ್ತಿತ್ತು. ಮಹಾರಾಷ್ಟ್ರ 1967ರಲ್ಲಿ ಹೊಸ ಗ್ರಾಮ ಪೊಲೀಸ್ ಕಾಯ್ದೆ ತಂದು, ವಂಶದ ಹಕ್ಕನ್ನು ಬಿಟ್ಟು ಹುದ್ದೆಯನ್ನು ಮಾತ್ರ ಉಳಿಸಿಕೊಂಡಿತು.

ನೇಮಕದ ಅಧಿಕಾರ ಪೊಲೀಸ್ ಇಲಾಖೆಯ ಕೈಯಲ್ಲಿಲ್ಲ. ಅದು ಕಂದಾಯ ಉಪವಿಭಾಗದ ಮುಖ್ಯಸ್ಥನಾದ ಪ್ರಾಂತಾಧಿಕಾರಿಯದು. ಅಭ್ಯರ್ಥಿ ಅದೇ ಊರಿನ ನಿವಾಸಿಯಾಗಿರಬೇಕು, ವಯಸ್ಸು 25ರಿಂದ 45ರೊಳಗಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ನಡತೆ ಶುದ್ಧವಿರಬೇಕು. 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಸಂದರ್ಶನ ನಡೆಯುತ್ತವೆ. ಮೊದಲ ನೇಮಕ ಐದು ವರ್ಷಕ್ಕೆ. ಆಮೇಲೆ ನವೀಕರಿಸುತ್ತ 60 ವರ್ಷದವರೆಗೆ ಮುಂದುವರಿಸಬಹುದು. ಮಹಿಳೆಯರಿಗೂ ಮೀಸಲಾತಿ ಇದೆ. ಊರಲ್ಲೇ ಇದ್ದು ಹೊಲ ಉಳಬಹುದು, ಸಣ್ಣಪುಟ್ಟ ವ್ಯಾಪಾರ ಮಾಡಬಹುದು. ಬೇರೆ ಕಡೆ ಪೂರ್ಣಾವಧಿ ನೌಕರಿ ಹಿಡಿಯುವಂತಿಲ್ಲ. ಸಿಗುವುದು ಸಂಬಳವಲ್ಲ, ಗೌರವಧನ. ತಿಂಗಳಿಗೆ 6,500 ರೂಪಾಯಿ ಇದ್ದದ್ದನ್ನು 2024ರಲ್ಲಿ 15,000ಕ್ಕೆ ಏರಿಸಲಾಯಿತು.

ಈ ನೇಮಕ ಪದ್ಧತಿಯ ಒಳ್ಳೆಯತನವನ್ನು ಒಪ್ಪಲೇಬೇಕು. ವರ್ಗವಾಗಿ ಬಂದ ಪೇದೆಗೆ ಊರಿನ ಓಣಿ ತಿಳಿಯುವುದರೊಳಗೆ ಮತ್ತೊಂದು ವರ್ಗಾವಣೆ ಬಂದಿರುತ್ತದೆ. ಯಾವ ಬದುವಿನ ಜಗಳ ಎಷ್ಟು ವರ್ಷದ್ದು, ಯಾರ ಮನೆಗೆ ಅಪರಿಚಿತರು ಬಂದು ಹೋಗುತ್ತಿದ್ದಾರೆ ಎಂಬುದು ಪಾಟೀಲನಿಗೆ ಕೇಳದೆಯೇ ಗೊತ್ತಿರುತ್ತದೆ. ಪರೀಕ್ಷೆಯಿಂದಾಗಿ ಹಳೆಯ ವತನದಾರರ ವಾಡೆಯ ಹೊರಗಿನವರಿಗೂ ಹುದ್ದೆ ಸಿಗುವಂತಾಯಿತು.

ಕರ್ತವ್ಯಗಳ ಪಟ್ಟಿ ಉದ್ದವಾಗಿದೆ. ಊರಿನ ಅಪರಾಧ, ಆರೋಗ್ಯ ಮತ್ತು ಜನಜೀವನದ ಸ್ಥಿತಿಯನ್ನು ದಂಡಾಧಿಕಾರಿಗೆ ತಿಳಿಸುತ್ತಿರಬೇಕು, ಕೇಳಿದ ವರದಿ ಕೊಡಬೇಕು, ಪೊಲೀಸರಿಗೆ ನೆರವಾಗಬೇಕು, ಅಪರಾಧ ತಡೆಯಬೇಕು, ನಡೆದರೆ ಪತ್ತೆಹಚ್ಚಲು ಶ್ರಮಿಸಬೇಕು. ಕಳವಿನ ಮಾಲು ಕೊಳ್ಳುವವರು, ತಲೆಮರೆಸಿಕೊಂಡವರು, ಅನುಮಾನಾಸ್ಪದ ಸಾವು ಇವುಗಳ ಸುದ್ದಿಯನ್ನು ಗ್ರಾಮಾಧಿಕಾರಿಗಳು ಮುಟ್ಟಿಸಲೇಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 34ನೆಯ ಕಲಮೂ ಹೇಳುತ್ತದೆ.

ಹುದ್ದೆಯ ನಿಜವಾದ ಬೆಲೆ ಕಾಣುವುದು ಬಾವಿಯಲ್ಲಿ ಹೆಣ ತೇಲಿದ ದಿನ. ಠಾಣೆಯ ಜೀಪು ಬರುವುದಕ್ಕೆ ಗಂಟೆಗಳೇ ಹಿಡಿಯಬಹುದು. ಅಷ್ಟರವರೆಗೆ ಜನ ಕಟ್ಟೆ ಹತ್ತದಂತೆ ತಡೆಯುವುದು, ಅಲ್ಲಿ ಬಿಟ್ಟ ಚಪ್ಪಲಿ, ಹಗ್ಗ, ಕೊಡ ಇದ್ದಲ್ಲೇ ಇರುವಂತೆ ನೋಡಿಕೊಳ್ಳುವುದು, ಮೊದಲು ಕಂಡವರು ಯಾರೆಂದು ಬರೆದಿಟ್ಟುಕೊಳ್ಳುವುದು, ಪಂಚನಾಮೆಗೆ ತಿಳಿವಳಿಕೆಯುಳ್ಳ ಇಬ್ಬರನ್ನು ಗೊತ್ತುಮಾಡುವುದು ಪಾಟೀಲನ ಪಾಲಿಗೆ ಬರುತ್ತದೆ. ಈ ಕೆಲಸ ಕೆಟ್ಟರೆ ಮುಂದಿನ ತನಿಖೆಯೂ ಕೆಡುತ್ತದೆ.

ದೋಷ ಇರುವುದು ಹೊಣೆಗೂ ಬಲಕ್ಕೂ ಹೊಂದಾಣಿಕೆ ಇಲ್ಲದಿರುವಲ್ಲಿ. ನೇಮಿಸಿದವನು ಪ್ರಾಂತಾಧಿಕಾರಿ, ದಿನನಿತ್ಯ ಕೆಲಸ ಹೇಳುವವನು ಠಾಣಾಧಿಕಾರಿ. ಎರಡು ಇಲಾಖೆಗಳ ಆಜ್ಞೆ ಹೊರುವವನಿಗೆ ಎರಡೂ ಇಲಾಖೆಗಳ ರಕ್ಷಣೆ ಇಲ್ಲ. ಕಳ್ಳಭಟ್ಟಿಯ ಅಥವಾ ಮರಳು ಸಾಗಣೆಯ ಸುದ್ದಿ ಕೊಟ್ಟವನು ರಾತ್ರಿ ಅದೇ ಓಣಿಯಲ್ಲಿ ಮಲಗಬೇಕು. ಜಾತಿ, ಬಳಗ, ಪಂಚಾಯಿತಿ ಚುನಾವಣೆಯ ಗುಂಪುಗಾರಿಕೆ ಅವನನ್ನೂ ಬಿಟ್ಟಿಲ್ಲ. ಹೀಗಾಗಿ ವರದಿ ಮಾಡಬೇಕಾದವನು ರಾಜಿ ಮಾಡಿಸುವವನಾಗುವ ಅಪಾಯವಿದೆ. ಬದುವಿನ ತಂಟೆ ರಾಜಿಯಲ್ಲಿ ಮುಗಿದರೆ ತಪ್ಪಿಲ್ಲ. ಹೆಣ್ಣಿನ ಮೇಲಿನ ದೌರ್ಜನ್ಯ, ದಲಿತರ ಮೇಲಿನ ಹಲ್ಲೆ ಚಾವಡಿಯಲ್ಲಿ ಮುಚ್ಚಿಹೋದರೆ ಅದು ಕಾನೂನಿಗೆ ಬಗೆದ ದ್ರೋಹ. ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು; ಮಾಹಿತಿ ಠಾಣೆಯನ್ನೇ ಮುಟ್ಟದಿದ್ದರೆ ಆ ತೀರ್ಪಿಗೂ ಬಲವಿಲ್ಲ.

ಕರ್ನಾಟಕ ಬೇರೆ ದಾರಿ ಹಿಡಿಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ಕೊನೆಗೊಳಿಸಿತು. ಈಗ ಹಳ್ಳಿಯ ಹೊಣೆ ಬೀಟ್ ಪೇದೆಯದು. ಅವನು ಸಂಬಳದ ನೌಕರ, ಒಂದೇ ಇಲಾಖೆಗೆ ಉತ್ತರ ಹೇಳುವವನು. ಊರಿನ ಗುಂಪುಗಳ ಹಂಗು ಕಡಿಮೆ. ಆದರೆ ಹಲವು ಹಳ್ಳಿ ಸುತ್ತಬೇಕಾದವನು, ಬಂದೋಬಸ್ತಿಗೆ ಕರೆದಾಗಲೆಲ್ಲ ಹೊರಡಬೇಕಾದವನು. ಒಂದು ಕಡೆ ಊರು ಬಲ್ಲವನಿಗೆ ಅಧಿಕಾರವಿಲ್ಲ, ಇನ್ನೊಂದು ಕಡೆ ಅಧಿಕಾರವಿದ್ದವನಿಗೆ ಊರು ಗೊತ್ತಿಲ್ಲ.

ಇವೆರಡನ್ನೂ ತೂಗಿ ನೋಡಿದರೆ ಪೊಲೀಸ್ ಪಾಟೀಲನ ಹುದ್ದೆ ಉಳಿಯಬೇಕಾದದ್ದೇ, ಆದರೆ ಈಗಿರುವಂತೆ ಅಲ್ಲ. ಅವನು ಕೊಟ್ಟ ಪ್ರತಿ ಸುದ್ದಿಗೂ ಠಾಣೆ ಲಿಖಿತ ಸ್ವೀಕೃತಿ ಕೊಡಬೇಕು, ಸುದ್ದಿ ಕೊಟ್ಟವನ ಹೆಸರು ಹೊರಬೀಳಬಾರದು, ಗಂಭೀರ ಅಪರಾಧದಲ್ಲಿ ರಾಜಿ ಮಾಡಿಸಿದರೆ ಹುದ್ದೆ ಹೋಗಬೇಕು. ಈ ಮೂರು ಇಲ್ಲದೆ ಗೌರವಧನವನ್ನಷ್ಟೇ ಏರಿಸಿದರೆ ಹುದ್ದೆಗೆ ಅರ್ಜಿಗಳು ಹೆಚ್ಚಾಗುತ್ತವೆ, ಊರಿಗೆ ರಕ್ಷಣೆ ಹೆಚ್ಚಾಗುವುದಿಲ್ಲ.