ಕೊಸರಿನ ಗುಬ್ಬಿ

ಮುಂಬೈಯ ಕ್ರಾಫರ್ಡ್ ಮಾರ್ಕೆಟ್ಟಿನ ಹಕ್ಕಿ ಅಂಗಡಿಗಳಲ್ಲಿ ಲವ್‌ಬರ್ಡ್‌ಗಳ ದರ ಇವತ್ತಿಗೂ ಜೋಡಿ ಲೆಕ್ಕ. ಯೇಸುವಿನ ಕಾಲದ ಪೇಟೆಯಲ್ಲೂ ಹಾಗೇ ಇತ್ತು. ಮತ್ತಾಯನ ಸುವಾರ್ತೆಯಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ, ಲೂಕನಲ್ಲಿ ಎರಡು ಕಾಸಿಗೆ ಐದು. ಅಂದರೆ ಐದನೆಯದು ಕೊಸರು. ಬಡವರ ಊಟಕ್ಕೆ ಬಿಕರಿಯಾಗುತ್ತಿದ್ದ ಆ ಪುಕ್ಕಟೆ ಹಕ್ಕಿಯೂ ದೇವರ ನೆನಪಿನಲ್ಲಿದೆ ಎನ್ನುತ್ತಾನೆ ಲೂಕ.

ಪ್ರವಚನಗಳಲ್ಲಿ ಮಾತ್ರ ಈ ಗುಬ್ಬಿಗೆ ಆಯುಸ್ಸು ಕಡಿಮೆ. ಮನುಷ್ಯ ಅದಕ್ಕಿಂತ ಎಷ್ಟೋ ಮೇಲು ಎಂಬ ಮುಂದಿನ ಮಾತಿಗೆ ಹೋಗುವ ಅವಸರ. ಹೆದರಿದ ಶಿಷ್ಯರಿಗೆ ಧೈರ್ಯ ಹೇಳಿದ ಮಾತು ಅದು, ಸಾಂತ್ವನ ತಪ್ಪಲ್ಲ. ಆದರೆ ಮತ್ತಾಯನ ಗುಬ್ಬಿ ನೆಲಕ್ಕೆ ಬೀಳುತ್ತದೆ! ತಂದೆಗೆ ತಿಳಿಯದೆ ಬೀಳದು ಎಂದಷ್ಟೇ ಭರವಸೆ. ತಿಳಿದೂ ತಡೆಯದವನ ಅಕ್ಕರೆ ಎಂಥದು? ಕಷ್ಟವಿರುವುದು ಇಲ್ಲೇ, ಪ್ರವಚನ ಜಾರಿಕೊಳ್ಳುವುದೂ ಇಲ್ಲೇ.

ಹ್ಯಾಮ್ಲೆಟ್ ನಾಟಕವನ್ನು ಹಾದುಬಂದ ಆ ಬೀಳುವ ಗುಬ್ಬಿಯೇ 1985ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಆತ್ಮಕಥೆಗೆ ಹೆಸರಾಯಿತು. ಖೇತ್‌ವಾಡಿಯ ಮುಸ್ಲಿಂ ಮನೆಯ ಹುಡುಗ ಏರ್‌ಗನ್ನಿನಿಂದ ಕೆಡವಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿ ಎಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದ. ಕಾರ್ಯದರ್ಶಿ ಮಿಲ್ಲರ್ಡ್ ಗುರುತಿಸಿ, ಸಂಗ್ರಹದ ಹಕ್ಕಿಗಳನ್ನೂ ತೋರಿಸಿದರು. ಆಮೇಲೂ ಅಲಿ ಅಧ್ಯಯನಕ್ಕೆಂದು ಹಕ್ಕಿ ಹೊಡೆದರು, ಸಂತನೇನಲ್ಲ. ಆದರೂ ಬಿದ್ದ ಹಕ್ಕಿಯಿಂದ ತಮಗೊಂದು ಸಮಾಧಾನ ಹಿಂಡಿಕೊಳ್ಳದೆ ಹಕ್ಕಿಯನ್ನೇ ನೋಡಿದರಲ್ಲ, ಆ ಗಮನ ನನಗೆ ಬಹುಪಾಲು ಪ್ರವಚನಗಳಿಗಿಂತ ಸುವಾರ್ತೆಗೆ ಹತ್ತಿರ ಎನಿಸುತ್ತದೆ.

ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪತ್ರದಲ್ಲಿ ಲೂಕನ ಗುಬ್ಬಿಗಳನ್ನು ನೆನೆದು, ಪ್ರತಿ ಜೀವಿಗೂ ತನ್ನದೇ ಬೆಲೆಯಿದೆ ಎಂದರು. ದೊಡ್ಡ ತಿರುವು. ಅಣಬೆ, ಹುಳ, ಕೀಟಗಳ ಸರದಿ ಬಂದಾಗ ಮಾತ್ರ, ಪರಿಸರ ಚೆನ್ನಾಗಿ ನಡೆಯಲು ಅವೂ ಬೇಕು ಎಂಬ ವಾದಕ್ಕೆ ಪತ್ರ ಒರಗುತ್ತದೆ. ಕೊಸರಿನ ಗುಬ್ಬಿಗೆ ಲೂಕ ಇಂಥ ಯಾವ ಶಿಫಾರಸನ್ನೂ ತಂದಿರಲಿಲ್ಲ.

ಗುಬ್ಬಿ ಹೇಗೂ ಮುದ್ದು. ಮುಂಬೈಯಲ್ಲಿ ಈ ಚಿಂತನೆಗೆ ನಿಜವಾದ ಪರೀಕ್ಷೆ ಹೆಗ್ಗಣ. ಮಳೆಗಾಲದಲ್ಲಿ ಅದರ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಹರಡುತ್ತದೆ. ರಾತ್ರಿ ಇಲಿ ಹೊಡೆಯಲೆಂದೇ ಪಾಲಿಕೆ ಆಳುಗಳನ್ನಿಟ್ಟಿದೆ. ಬೇಡವೆನ್ನಲು ನನಗೂ ಬಾಯಿಲ್ಲ. ಅಲ್ಲಿ ಬಿದ್ದದ್ದರ ಲೆಕ್ಕವೂ ತಂದೆಯ ಬಳಿ ಇದೆಯೇ ಎಂದು ಬಾಂದ್ರಾದಲ್ಲೋ ಮಾಹಿಮಿನಲ್ಲೋ ಒಬ್ಬ ಪಾದ್ರಿ ಕೇಳಿದರೆ, ಆ ಪ್ರವಚನಕ್ಕೆ ನಾನು ಮುಂದಿನ ಬೆಂಚಿನಲ್ಲೇ ಕೂರುತ್ತೇನೆ.